ಓಣಿಯ ಬೀಜನಿಧಿ: ಬೇಡ ನಾಯಕ ರೈತರಿಗೆ ಸಣ್ಣ ಸಹಾಯಧನವನ್ನು ಕೊಡುವ ಕ್ರಮ

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಶಹಾಪುರ, ಸುರಪುರ ಸೀಮೆಯ ರೈತರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಈ ಗಾದೆಯು ಬಾಯಿಬಿಟ್ಟು ಹೇಳದ ಷರತ್ತೊಂದುಂಟು. ಮಳೆ ಬಂದ ದಿವಸ ಮನೆಯಲ್ಲಿ ಬೀಜವಿರಬೇಕು. ಮೇ ತಿಂಗಳ ಕಡೆಯ ವಾರದಲ್ಲಿ ರೋಹಿಣಿ ಹನಿದು, ಜೂನಿನಲ್ಲಿ ಮೃಗಶಿರಾ ಸುರಿದು, ಎರೆಯ ಹೊಲವು ಹದಕ್ಕೆ ಬಂದಾಗ ಆ ಹದವು ಯಾರನ್ನೂ ಕಾಯುವದಿಲ್ಲ. ಶಿರವಾಳದ ರೈತನು ಆ ಕೆಲವೇ ದಿನಗಳಲ್ಲಿ ಕೂರಿಗೆ ಹೂಡಿದರೆ ಬೆಳೆ. ಹೂಡದಿದ್ದರೆ ಮುಂದಿನ ಮಳೆಯ ದಾರಿ ನೋಡುವದು. ಬೀಜವಿಲ್ಲದವನು ಪೇಟೆಯ ಅಡತಿ ಅಂಗಡಿಗೆ ಹೋಗಿ, ರಾಶಿಯಾದ ಮೇಲೆ ಸವಾಯಿಯಂತೆಯೋ ದೀಡಿಯಂತೆಯೋ ತಿರುಗಿಸುವೆನೆಂದು ಒಪ್ಪಿ ಕಾಳು ತರುವನು. ಬೆಳೆ ಬಂದಾಗ ಅದೇ ಅಂಗಡಿಗೆ, ಅಂಗಡಿಯವರು ಹೇಳಿದ ದರಕ್ಕೆ, ಮಾಲು ಹಾಕುವನು. ಮಳೆಯೇ ಕೈಕೊಟ್ಟರೆ ಹೈದರಾಬಾದು, ಪುಣೆ, ಬೆಂಗಳೂರುಗಳ ದಾರಿಯನ್ನು ಹಿಡಿಯುವನು. ಜೊತೆಯಲ್ಲಿ ಹೋದ ಮಕ್ಕಳ ಶಾಲೆಯು ಅಲ್ಲಿಗೇ ನಿಲ್ಲುವದು. ಇಷ್ಟೆಲ್ಲಕ್ಕೂ ಮೂಲವಾದ ಕೊರತೆಯನ್ನು ಎಣಿಸಹೊರಟರೆ ಎಷ್ಟೋ ಮನೆಗಳಲ್ಲಿ ಅದು ಹತ್ತು ಕಿಲೋ ತೊಗರಿಯನ್ನು ಮೀರಲಾರದು.

ಬುಡಕಟ್ಟಿನ ಜನರ ಸಾಮೂಹಿಕ ಕಾರ್ಯಗಳಿಗೆ ಕೊಡುವ ಸಣ್ಣ ಸಹಾಯಧನವನ್ನು ಕುರಿತು ಈಚೆಗೆ ದೇಶದಲ್ಲಿಯೂ ಪರದೇಶಗಳಲ್ಲಿಯೂ ಬಹಳ ಚರ್ಚೆ ನಡೆದಿರುವದರಿಂದ, ಆ ಚರ್ಚೆಯನ್ನು ಈ ಹತ್ತು ಕಿಲೋ ತೊಗರಿಯ ಪಕ್ಕದಲ್ಲಿಟ್ಟು ನೋಡುವದು ಯುಕ್ತವಾಗಿದೆ.

ಶಿರವಾಳವು ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಊರು. ಹಳೆಯ ಕಲ್ಲುಗುಡಿಗಳ ಅವಶೇಷಗಳಿಂದಾಗಿ ಇತಿಹಾಸವನ್ನು ಬಲ್ಲವರಿಗೆ ಇದರ ಹೆಸರು ಪರಿಚಿತವಾದದ್ದು. ಪೂರ್ವಕಾಲದಲ್ಲಿ ಗುಡಿಯನ್ನು ಕಟ್ಟಿಸಿದವರು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಕನ್ನಡ ನಾಡಿನ ಶಾಸನಗಳನ್ನು ಓದಿದವರು ಬಲ್ಲಂತೆ, ದೀಪಕ್ಕಿಷ್ಟು, ಪೂಜೆಗಿಷ್ಟು, ಜೀರ್ಣೋದ್ಧಾರಕ್ಕಿಷ್ಟು ಎಂದು ಭೂಮಿಯನ್ನು ಬಿಡುತ್ತಿದ್ದರು. ಕೆರೆಗಳಿಗೂ ಕೆರೆಗೊಡಗೆಯೆಂದು ಹಾಗೆಯೇ ಬಿಡುತ್ತಿದ್ದರು. ಆ ಹುಟ್ಟುವಳಿಯು ನಿಂತ ಮೇಲೆ ಎಂಥ ಕಲ್ಲಿನ ಕೆಲಸವೂ ಬಹುಕಾಲ ನಿಲ್ಲದು. ಸಹಾಯಧನದ ನಿಯಮಗಳನ್ನು ಬರೆಯುವವರು ಒಮ್ಮೆ ಬಂದು ಶಿರವಾಳದ ಕಲ್ಲುಗಳನ್ನು ನೋಡಿ ಹೋಗುವದು ಒಳ್ಳೆಯದು.

ಈ ಸೀಮೆಯಲ್ಲಿ ಬೇಡ ನಾಯಕರ ಓಣಿಯಿಲ್ಲದ ಊರು ಅಪರೂಪ. ಸುರಪುರದಲ್ಲಿ ಇವರ ಅರಸರೇ ಆಳಿದರು. ಬೋನಾಳದ ದೊಡ್ಡ ಕೆರೆಯು ಆ ಅರಸರ ಕಾಲದ್ದು. 1841ರಿಂದ ಕೆಲವು ವರ್ಷ ಬ್ರಿಟಿಷರ ಪರವಾಗಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬನ ಕಾಲದಲ್ಲಿ ಅದು ಸುಧಾರಣೆಗೊಂಡಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಅಂತ್ಯದೊಡನೆ ಸಂಸ್ಥಾನದ ಕಥೆಯು ಮುಗಿದು, ದಂಡಿನ ಚಾಕರಿಯಿಂದ ಬದುಕುತ್ತಿದ್ದ ಮನೆತನಗಳು ಬಹಳಮಟ್ಟಿಗೆ ನೇಗಿಲಿಗೂ ಕೂಲಿಗೂ ತಿರುಗಿದವು. ನಾಯಕರೆಂಬ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೊದಲೇ ಇದ್ದಿತಾದರೂ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಿದ್ದು 1991ರಲ್ಲಿ. ಪರದೇಶದ ಕಾಗದಪತ್ರಗಳಲ್ಲಿ ಮೂಲನಿವಾಸಿಗಳೆಂದು ಬರೆಯುವ ಕಡೆಯಲ್ಲಿ ನಮ್ಮ ಸರಕಾರದ ಕಾಗದದಲ್ಲಿ ಪರಿಶಿಷ್ಟ ಪಂಗಡವೆಂದಿರುವದು. ಕಾಡಿನಲ್ಲಿರುವವರಷ್ಟೇ ಬುಡಕಟ್ಟಿನವರೆಂಬ ಭಾವನೆಯು ಪಟ್ಟಣದವರಲ್ಲಿ ಬಲವಾಗಿರುವದರಿಂದ, ಎರೆಯ ಹೊಲದಲ್ಲಿ ತೊಗರಿ ಬಿತ್ತುವ ಬೇಡನು ಅವರ ಲೆಕ್ಕದೊಳಗೆ ಸುಲಭವಾಗಿ ಬರುವದಿಲ್ಲ.

ದೊಡ್ಡ ಹಣದ ಮಾತನ್ನು ಬೇಗನೆ ಮುಗಿಸಬಹುದು. ಕರ್ನಾಟಕವು 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾನೂನನ್ನು ಮಾಡಿ, ಜನಸಂಖ್ಯೆಗೆ ಸರಿಯಾಗಿ ಯೋಜನೆಯ ಹಣವನ್ನು ತೆಗೆದಿಡಬೇಕೆಂದು ಗೊತ್ತುಪಡಿಸಿತು. 2011ರ ಜನಗಣತಿಯಂತೆ ಪರಿಶಿಷ್ಟ ಪಂಗಡದವರ ಪಾಲು ನೂರಕ್ಕೆ 6.95. ಎಲ್ಲರಿಗೂ ಸಾಮಾನ್ಯವಾದ ಕಾಮಗಾರಿಗಳ ವೆಚ್ಚದ ಒಂದು ಭಾಗವನ್ನು ಇವರ ಲೆಕ್ಕಕ್ಕೇ ಬರೆದುಕೊಳ್ಳಲು ಅವಕಾಶವಿತ್ತಿದ್ದ ಆ ಕಾನೂನಿನ ಏಳನೆಯ ಕಲಮಿನ 'ಡಿ' ಉಪಕಲಮನ್ನು 2023ರಲ್ಲಿ ತೆಗೆದುಹಾಕಿದ್ದು ನ್ಯಾಯವಾದ ಕೆಲಸ. ಗಂಗಾ ಕಲ್ಯಾಣದಲ್ಲಿ ಕೊಳವೆ ಬಾವಿಯನ್ನು ಪಡೆದು ನೀರು ಕಂಡ ಮನೆಯು ನೆಟ್ಟಗಾಗುವದೆಂಬುದನ್ನೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಕೊಳವೆ ಬಾವಿಯು ಒಂದು ಹೊಲಕ್ಕೆ ಸೇರಿದ್ದು, ರಸ್ತೆಯು ಎಲ್ಲರಿಗೂ ಸೇರಿದ್ದು. ಇವೆರಡರ ನಡುವೆ ಓಣಿಗೆಂದೇ ಸೇರಿದ ವಸ್ತುವು ಯಾವದೆಂದು ಕೇಳಿದರೆ ಉತ್ತರ ಕೊಡುವದು ಕಷ್ಟ.

ಆ ನಡುವಿನ ಸ್ಥಳಕ್ಕೆ ಸಣ್ಣ ಸಹಾಯಧನವು ಬರಬೇಕು. ಅದು ಬಂದಿಲ್ಲವೆಂದೂ ಹೇಳುವಂತಿಲ್ಲ. 2008ರ ಜಲಾನಯನ ಸಮಾನ ಮಾರ್ಗಸೂಚಿಯಂತೆ ನಡೆದ ಕಾಮಗಾರಿಗಳಲ್ಲಿ ಒಡ್ಡು, ಕೃಷಿಹೊಂಡ, ತಡೆ ಅಣೆಗಳಿಗೆ ಹೆಚ್ಚಿನ ಪಾಲು ಹೋಗಿ, ಭೂಮಿಯಿಲ್ಲದವರ ಜೀವನೋಪಾಯಕ್ಕೆಂದು ಒಂದು ಸಣ್ಣ ಪಾಲು ಉಳಿಯುತ್ತಿತ್ತು. ಅದರಿಂದ ಒಂದೊಂದು ಸ್ವಸಹಾಯ ಸಂಘಕ್ಕೆ 25,000 ರೂಪಾಯಿಯವರೆಗೆ ಸುತ್ತುನಿಧಿಯನ್ನು ಕೊಟ್ಟು, ಹದಿನೆಂಟು ತಿಂಗಳ ಕಂತುಗಳೊಳಗೆ ತಿರುಗಿಸಿಕೊಂಡು ಮತ್ತೊಂದು ಸಂಘಕ್ಕೆ ಕೊಡಬೇಕೆಂಬುದು ಕ್ರಮ. ಉದ್ದೇಶವು ಉತ್ತಮವಾದದ್ದೇ. ಕಂತಿನ ಲೆಕ್ಕವು ಮಾತ್ರ ಪೇಟೆಯ ಲೆಕ್ಕವಾಯಿತು. ಎಮ್ಮೆಯನ್ನು ಕೊಂಡು ಹಾಲು ಮಾರುವವರು, ಕಿರಾಣಿ ಅಂಗಡಿಯಿಟ್ಟವರು ತಿಂಗಳಿಗೊಮ್ಮೆ ಹಣ ಕಾಣುವರು. ಮಳೆಯಾಶ್ರಯದ ಬೇಸಾಯವನ್ನೂ ಹೊಲದ ಕೂಲಿಯನ್ನೂ ನಂಬಿದವರು ಹಣವನ್ನು ಕಾಣುವದು ರಾಶಿಯ ಕಾಲಕ್ಕೆ. ಶ್ರಾವಣದ ಕಂತನ್ನು ಕಟ್ಟಲು ಅವರು ಬೇರೊಂದು ಕಡೆ ಸಾಲ ಮಾಡಬೇಕಾಗುವದು. ಸಹಾಯಧನವೇ ಸಾಲದ ಬಾಗಿಲನ್ನು ತೆರೆದಂತಾಗುವದು.

ಇದಕ್ಕಿಂತ ದೊಡ್ಡ ದೋಷವೊಂದುಂಟು. ಹದಿನೈದು ಮನೆಗಳ ಸಂಘಕ್ಕೆ 25,000 ರೂಪಾಯಿ ಬಂದಾಗ ಅದನ್ನು ಸಮನಾಗಿ ಹಂಚಿಕೊಳ್ಳುವದು ಎಲ್ಲಕ್ಕಿಂತ ಸುಲಭ, ಜಗಳವೂ ಇಲ್ಲ. ಮನೆಗೆ 1,666 ರೂಪಾಯಿ ಬೀಳುವದು. ಅದು ಒಂದು ಸಂತೆಗೆ, ಒಂದು ಆಸ್ಪತ್ರೆಯ ಖರ್ಚಿಗೆ, ಒಂದು ಜಾತ್ರೆಗೆ ಮುಗಿಯುವದು. ಹಾಗೆ ಮುಗಿಸಿದ್ದು ತಪ್ಪೆನ್ನಲಾಗದು; ಬಡವನ ಮನೆಯ ಅಗತ್ಯವು ಅಂಥದು. ಆದರೆ ಮರುವರ್ಷ ಅಧಿಕಾರಿಗಳು ಬಂದು ನೋಡಿದಾಗ ತೋರಿಸುವದಕ್ಕೆ ಏನೂ ಇರುವದಿಲ್ಲ. ಈ ಜನರಿಗೆ ಹಣ ಕೊಟ್ಟು ಪ್ರಯೋಜನವಿಲ್ಲವೆಂಬ ಷರಾ ಬೀಳುವದು. ಹಂಚಿಕೊಳ್ಳುವಂಥ ರೂಪದಲ್ಲಿ ಕೊಟ್ಟವರ ಮೇಲೆ ಯಾರೂ ಷರಾ ಬರೆಯುವದಿಲ್ಲ.

ಅದೇ ಹಣವು ಕಾಳಿನ ರೂಪದಲ್ಲಿ ಓಣಿಯಲ್ಲಿ ನಿಂತರೆ ಲೆಕ್ಕವು ಹೇಗಾಗುವದೆಂಬುದನ್ನು ನೋಡಬಹುದು. ಹದಿನೈದು ಮನೆಗಳು, ಮನೆಗೆ ಎರಡು ಎಕರೆಯಂತೆ ಮೂವತ್ತು ಎಕರೆ ತೊಗರಿ ಎಂದಿಟ್ಟುಕೊಂಡರೆ, ಎಕರೆಗೆ ಐದು ಕಿಲೋ ಪ್ರಕಾರ ಬೇಕಾಗುವ ಬೀಜ 150 ಕಿಲೋ. ಇಷ್ಟನ್ನು ಅಂಗಡಿಯಿಂದ ದೀಡಿಯಂತೆ ತಂದರೆ ಬಡ್ಡಿಯೆಂದು 75 ಕಿಲೋ ತೊಗರಿ ಪ್ರತಿ ವರ್ಷವೂ ಓಣಿಯನ್ನು ಬಿಟ್ಟುಹೋಗುವದು. ಓಣಿಯದೇ ನಿಧಿಯಿದ್ದು, ಸವಾಯಿಯಂತೆ ತಿರುಗಿಸುವ ನಿಯಮವನ್ನು ತಾವೇ ಮಾಡಿಕೊಂಡರೆ ಮೊದಲನೆಯ ವರ್ಷದ ಕಡೆಗೆ ನಿಧಿಯು 187 ಕಿಲೋ, ಎರಡನೆಯ ವರ್ಷಕ್ಕೆ 234, ಮೂರನೆಯ ವರ್ಷಕ್ಕೆ 290ರ ಮೇಲಾಗುವದು. ಮೂರು ಒಳ್ಳೆಯ ವರ್ಷಗಳಲ್ಲಿ ನಿಧಿಯು ಹೆಚ್ಚುಕಡಿಮೆ ಇಮ್ಮಡಿಸಿತು. ಸರಕಾರವು ಎರಡನೆಯ ಸಲ ಕಾಸು ಬಿಚ್ಚಲಿಲ್ಲ. ಮುಂದೆ ಸವಾಯಿಯನ್ನು ಹತ್ತಕ್ಕೊಂದಕ್ಕೆ ಇಳಿಸಬಹುದು, ಇಲ್ಲವೆ ಪಕ್ಕದ ಓಣಿಗೆ ಎರವಲು ಕೊಡಬಹುದು. ಗುಡಿಗೆ ಬಿಟ್ಟ ಭೂಮಿಯ ಹುಟ್ಟುವಳಿಯಂತೆ, ಬೆಳೆಯುವ ವಸ್ತುವಿನಲ್ಲಿ ಸಹಾಯವನ್ನಿಟ್ಟದ್ದರ ಗುಣ ಇದು.

ಇದು ಬರಿಯ ಕಾಗದದ ಲೆಕ್ಕವಲ್ಲ. ಬೀದರಿನ ಗಡಿಗೆ ಹತ್ತಿರದ ಜಹೀರಾಬಾದು ಸೀಮೆಯಲ್ಲಿ, 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1995ರಿಂದ ಇಂಥದನ್ನೇ ನಡೆಸಿ ತೋರಿಸಿದವು. ಪಾಳುಬಿದ್ದ ಹೊಲಗಳನ್ನು ಉತ್ತು ಗೊಬ್ಬರ ಹಾಕಿ ಬಿತ್ತುವದಕ್ಕೆ ಮುಂಗಡ ಕೊಟ್ಟು, ಅದನ್ನು ಹಣದಲ್ಲಲ್ಲದೆ ಜೋಳದಲ್ಲಿಯೇ ತಿರುಗಿಸಿಕೊಂಡು, ಊರಿನಲ್ಲಿಯೇ ಶೇಖರಿಸಿ, ಬಡವರಿಗೆ ಅಗ್ಗವಾಗಿ ಕೊಟ್ಟರು. ಅಲ್ಲಿಯ ಸದಸ್ಯೆಯರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು; ಬುಡಕಟ್ಟಿನವರಲ್ಲ. ಆದರೆ ಮಳೆಯಾಶ್ರಯದ ಜೋಳ ತೊಗರಿಯ ಬದುಕು ಎರಡೂ ಕಡೆ ಒಂದೇ ತೆರನಾದದ್ದು. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರ ಈಕ್ವೇಟರ್ ಬಹುಮಾನವು ದೊರೆಯಿತು.

ಬೀಜನಿಧಿಯನ್ನು ಇಡುವವರು ತಿಳಿದಿರಬೇಕಾದ ಕೆಲವು ವಿಷಯಗಳುಂಟು. ಇವುಗಳಲ್ಲಿ ಎಡವಿದರೆ ನಿಧಿಯು ಒಂದೇ ವರ್ಷದಲ್ಲಿ ಹೆಸರು ಕೆಡಿಸಿಕೊಳ್ಳುವದು. ತೊಗರಿಯ ಹೂವಿನಲ್ಲಿ ಜೇನು ಮುಂತಾದ ಹುಳುಗಳಿಂದ ಪರಕೀಯ ಪರಾಗವು ಸೇರುವದುಂಟು. ಆದಕಾರಣ ಬೀಜವನ್ನು ಹೊಲದ ಅಂಚಿನಿಂದ ತೆಗೆಯದೆ ನಡುಭಾಗದಿಂದಲೇ ಆರಿಸತಕ್ಕದ್ದು. ಹೂ ಬಿಡುವ ಮುಂಚೆ ಬೇರೆ ಜಾತಿಯ ಗಿಡಗಳನ್ನೂ, ಸೊರಗು ರೋಗ ತಗುಲಿದ ಗಿಡಗಳನ್ನೂ ಕಿತ್ತುಹಾಕತಕ್ಕದ್ದು. ಮೂರು ವರ್ಷಕ್ಕೊಮ್ಮೆ ಹೊಸ ಬೀಜವನ್ನು ತಂದು ಕೂಡಿಸುವದು ಅವಶ್ಯ. ಕಲಬುರಗಿಯ ಸಂಶೋಧನಾ ಕೇಂದ್ರದಿಂದ ಹೊರಬಿದ್ದ ಟಿ.ಎಸ್. 3 ಆರ್. ತಳಿಯು ಸೊರಗು ರೋಗವನ್ನು ತಡೆಯುವಂಥದು. ಕಾಳನ್ನು ಕಣದಲ್ಲಿ ಹಲ್ಲಿಗೆ ಕಟ್ಟನೆ ಸಿಕ್ಕುವವರೆಗೆ ಒಣಗಿಸಿ, ತಗಡಿನ ಪೀಪಾಯಿಯಲ್ಲಾಗಲಿ ಒಳ್ಳೆಯ ಹರವಿಯಲ್ಲಾಗಲಿ ಬೇವಿನ ಎಲೆ ಮತ್ತು ಒಲೆಯ ಬೂದಿಯೊಡನೆ ತುಂಬಿ ಬಾಯಿ ಮುಚ್ಚಬೇಕು. ಜೋಳಕ್ಕಾದರೆ ಹಗೇವು ಉಂಟು. ಆದರೆ ತಿನ್ನುವ ಜೋಳಕ್ಕೆ ಹಗೇವು ಎಷ್ಟು ಒಳ್ಳೆಯದೋ ಬಿತ್ತುವ ಜೋಳಕ್ಕೆ ಅಷ್ಟು ಒಳ್ಳೆಯದಲ್ಲ. ಸೆಕೆಗೆ ಮೊಳಕೆಯ ಶಕ್ತಿ ಕುಗ್ಗುವದು. ಬಿತ್ತುವ ಮುಂಚೆ ನೂರು ಕಾಳುಗಳನ್ನು ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿಟ್ಟು, ಎಪ್ಪತ್ತೈದಕ್ಕೆ ಕಡಿಮೆ ಮೊಳೆತರೆ ಆ ಬೀಜವನ್ನು ಬೇಳೆಗೆ ಬಿಟ್ಟು ಬೇರೆ ತರತಕ್ಕದ್ದು. ಈ ಕೆಲಸಗಳಲ್ಲಿ ಹೆಚ್ಚಿನವನ್ನು ಓಣಿಯ ಮುದುಕಿಯರು ಯಾವ ಇಲಾಖೆಯೂ ಹುಟ್ಟುವ ಮುಂಚಿನಿಂದ ಮಾಡುತ್ತ ಬಂದವರೇ ಆದ್ದರಿಂದ ಬೀಜದ ಬೀಗವು ಅವರ ಕೈಯಲ್ಲಿರುವದು ಲೇಸು.

ಇನ್ನು ಕಾಲದ ವಿಚಾರ. ಸಹಾಯಧನದ ಮೊತ್ತವನ್ನು ಕುರಿತು ವಾದಿಸುವವರು ಬಹಳ. ತಿಂಗಳನ್ನು ಕುರಿತು ವಾದಿಸುವವರು ಕಡಿಮೆ. ಸರಕಾರದ ವರ್ಷವು ಮಾರ್ಚ್ 31ಕ್ಕೆ ಮುಗಿಯುವದರಿಂದ ಅನುದಾನಗಳು ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಅವಸರವಾಗಿ ಹರಿದುಬರುವದನ್ನು ಕಾಣದವರಾರು? ಆ ವೇಳೆಗೆ ತೊಗರಿಯ ರಾಶಿಯಾಗಿ ಒಳ್ಳೆಯ ಕಾಳು ಪೇಟೆಯನ್ನು ಸೇರಿರುವದು. ಬಿತ್ತನೆಗೆ ಇನ್ನೂ ಮೂರು ತಿಂಗಳು. ಆಗ ಬಂದ ಹಣವು ಬೇಸಿಗೆಯ ಹಸಿವಿಗೆ ಹೋಗದೆ ಜೂನಿನವರೆಗೆ ಉಳಿಯಬೇಕೆಂದರೆ ಅದು ಋಷಿಗಳ ಮನೆಗೆ ಬಂದಿರಬೇಕು. ಅದೇ ಹಣವು ಡಿಸೆಂಬರದಲ್ಲಿ ಬಂದರೆ ಓಣಿಯ ಹೊಲದಲ್ಲಿಯೇ ಬೆಳೆದ ಒಳ್ಳೆಯ ತೊಗರಿಯನ್ನು ಕಣದಲ್ಲಿಯೇ ಕೊಂಡು ಬೀಜಕ್ಕೆ ಇಡಬಹುದು. ಮಾರುವವನಿಗೂ ಅಡತಿಯ ಖರ್ಚು ಉಳಿಯುವದು. ಮೊದಲ ವರ್ಷಕ್ಕೆ ಶುದ್ಧ ತಳಿಯ ಬೀಜವೇ ಬೇಕೆಂದಾದರೆ ಮೇ ತಿಂಗಳ ಮೊದಲ ಪಕ್ಷದಲ್ಲಿ ಕೊಡಬೇಕು. ಹಣದ ಇಲಾಖೆಯವರಿಗೆ ಎರಡು ತಿಂಗಳು ಹಿಂದೆಮುಂದಾಗುವದು ಸಣ್ಣ ಮಾತು. ಬಿತ್ತುವವನಿಗೆ ಅದು ಒಂದು ವರ್ಷ.

ಕೃಷಿ ಇಲಾಖೆಯ ಕಡೆಯಲ್ಲಿಯೂ ತಿದ್ದಿಕೊಳ್ಳಬೇಕಾದದ್ದುಂಟು. ರೈತ ಸಂಪರ್ಕ ಕೇಂದ್ರಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ರೈತರಿಗೆ ಇತರರಿಗಿಂತ ಹೆಚ್ಚಿನ ರಿಯಾಯಿತಿಯಲ್ಲಿ ಬೀಜ ದೊರೆಯುವದು. ಅದಕ್ಕೆ ಪಹಣಿ ಬೇಕು, ಫ್ರೂಟ್ಸ್ ಸಂಖ್ಯೆ ಬೇಕು. ಅಜ್ಜನು ತೀರಿಹೋಗಿ ಎಷ್ಟೋ ವರ್ಷವಾದರೂ ಪಹಣಿಯು ಅವನ ಹೆಸರಿನಲ್ಲಿಯೇ ಉಳಿದು, ಪೌತಿ ಖಾತೆಯಾಗದೆ, ಮೂವರು ಮೊಮ್ಮಕ್ಕಳು ಅದೇ ಹೊಲವನ್ನು ಉಳುತ್ತಿರುವ ಮನೆಗಳು ಈ ಸೀಮೆಯಲ್ಲಿ ಕಡಿಮೆಯಲ್ಲ. ಪಾಲಿಗೆ ಮಾಡುವವನಿಗಂತೂ ಪಹಣಿಯೇ ಇಲ್ಲ. ಉಳುವವನು ಒಬ್ಬ, ಕಾಗದದಲ್ಲಿರುವವನು ಒಬ್ಬನಾದಾಗ ರಿಯಾಯಿತಿಯು ಕಾಗದವನ್ನೇ ಹುಡುಕಿಕೊಂಡು ಹೋಗುವದು. ಓಣಿಯ ಬೀಜನಿಧಿಗೆ ಸಂಘದ ಹೆಸರಿನಲ್ಲಿಯೇ, ಸದಸ್ಯರು ಬಿತ್ತುವ ಎಕರೆಗಳ ಪಟ್ಟಿಯನ್ನು ಗ್ರಾಮಸಭೆಯು ಓದಿ ಒಪ್ಪಿದ ಮೇಲೆ, ರಿಯಾಯಿತಿಯ ಬೀಜವನ್ನು ಕೊಡುವಂತೆ ನಿಯಮವನ್ನು ಸಡಲಿಸುವದು ಯೋಗ್ಯ. ದುರುಪಯೋಗವಾದೀತೆಂಬ ಭಯಕ್ಕೆ ಒಂದೇ ಉತ್ತರ: ಗ್ರಾಮಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಇಲ್ಲದ ಹೊಲವನ್ನು ಇದೆಯೆಂದು ಹೇಳುವದು ಊರಿನಲ್ಲಿ ಸುಲಭವಲ್ಲ.

ಅರ್ಜಿಯ ಮಾತು ಬಂದಲ್ಲಿ ಪರದೇಶದವರಿಂದ ಕಲಿಯತಕ್ಕದ್ದು ಸ್ವಲ್ಪವಿದೆ. ಜಾಗತಿಕ ಪರಿಸರ ನಿಧಿಯವರು 1992ರಲ್ಲಿ ಆರಂಭಿಸಿದ ಸಣ್ಣ ಅನುದಾನದ ಕಾರ್ಯಕ್ರಮದಲ್ಲಿ, ಬರೆಯಲು ಬಾರದ ಮೂಲನಿವಾಸಿಗಳು ತಮ್ಮ ಭಾಷೆಯಲ್ಲಿ ಮಾತಾಡಿ ಚಿತ್ರ ತೆಗೆಯಿಸಿ ಕಳಿಸಿದರೂ ಅದನ್ನೇ ಅರ್ಜಿಯೆಂದು ಅಂಗೀಕರಿಸುವ ಪದ್ಧತಿಯುಂಟು. ರೋಮಿನಲ್ಲಿರುವ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಗೆ ವಿಶ್ವಬ್ಯಾಂಕಿನಿಂದ 2006ರಲ್ಲಿ ವರ್ಗವಾದ ಮೂಲನಿವಾಸಿಗಳ ಸಹಾಯನಿಧಿಯಲ್ಲಿ, ಸಣ್ಣ ಯೋಜನೆಗಳನ್ನು ಆ ಜನರೇ ಕಲ್ಪಿಸಿ ನಡೆಸತಕ್ಕದ್ದು. ಹಣ ಕೊಡುವದಕ್ಕೆ ಮೊದಲು ಏನು ಬೇಕೆಂದು ಕೇಳುವದೇ ಇವುಗಳ ತಿರುಳು. ಇಲ್ಲಿಯಾದರೋ ಹೊಲಿಗೆಯ ಯಂತ್ರವೋ ಕುರಿಯೋ ಎಂಬುದು ಎಷ್ಟೋ ಸಲ ಮೇಲಿನ ಕಚೇರಿಯಲ್ಲಿಯೇ ಗೊತ್ತಾಗಿ ಬರುವದು. ಶಿರವಾಳದ ಓಣಿಗೆ ಬೀಜನಿಧಿಯೇ ಬೇಕೆಂದು ಹೇಳುವದೂ ಅದೇ ತಪ್ಪಲ್ಲವೇ ಎಂದು ಯಾರಾದರೂ ಕೇಳಿದರೆ, ಕೇಳುವದು ಸರಿ. ಒಂದು ಓಣಿಗೆ ಬೀಜ ಬೇಕಾದೀತು, ಮತ್ತೊಂದಕ್ಕೆ ಎಲ್ಲರೂ ಸರತಿಯಂತೆ ಹೂಡುವ ಒಂದು ಒಳ್ಳೆಯ ಬಿತ್ತುವ ಕೂರಿಗೆ, ಇನ್ನೊಂದಕ್ಕೆ ರಾಶಿಯನ್ನು ಮಳೆಯಿಂದ ಕಾಪಾಡುವ ತಾಡಪತ್ರಿಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕನ್ನು ಪಡೆದ ಮೇಲೆ ಅವರಿಗೆ ಬೇಕಾದದ್ದು ಜೇನಿಗೆ ಸಂಬಂಧಿಸಿದ್ದಾಗಬಹುದೇ ಹೊರತು ತೊಗರಿಯ ಪೀಪಾಯಿ ಅಲ್ಲ. ಓಣಿಯೇ ಆರಿಸಲಿ, ಆದರೆ ಆರಿಸಿದ ವಸ್ತುವು ಹಂಚಿ ಮುಗಿಯುವಂಥದಾಗಿರಬಾರದೆಂಬ ಒಂದೇ ಕಟ್ಟಳೆಯನ್ನು ಸರಕಾರವು ಇಟ್ಟುಕೊಳ್ಳಲಿ.

ಸಮೂಹಕ್ಕೆ ಕೊಟ್ಟದ್ದು ಒಬ್ಬ ಯಜಮಾನನ ಕೈ ಸೇರುವದೆಂಬ ಆಕ್ಷೇಪವು ಹಳೆಯದು. ಅದರಲ್ಲಿ ಸತ್ಯವೂ ಉಂಟು. ಬ್ಯಾಂಕಿನ ಪುಸ್ತಕದಲ್ಲಿರುವ ಹಣವು ಇಬ್ಬರಿಗೆ ಮಾತ್ರ ಕಾಣುವದು. ಕಾಳು ಎಲ್ಲರಿಗೂ ಕಾಣುವದು. ವರ್ಷಕ್ಕೆರಡು ಸಲ, ಕೊಡುವಾಗ ಒಮ್ಮೆ, ತಿರುಗಿಸಿಕೊಳ್ಳುವಾಗ ಒಮ್ಮೆ, ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರಿಗೆ ಅಳೆದರೆ ಓದುಬರಹವಿಲ್ಲದವನೂ ಲೆಕ್ಕ ತಪಾಸಣೆ ಮಾಡಬಲ್ಲನು. ಬೋನಾಳದಂಥ ಕೆರೆಗೆ ಒಡ್ಡು ಹಾಕಿದ ಜನಕ್ಕೆ ಒಂದು ಪೀಪಾಯಿಯನ್ನು ಕಾಯುವದು ಆಗದೆಂದು ತಿಳಿಯುವದು ಸರಿಯಲ್ಲ.

ಬರಗಾಲದ ಮಾತನ್ನು ಮರೆಮಾಡಬಾರದು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷದಲ್ಲಿ ಸವಾಯಿಯನ್ನೂ ಅಸಲನ್ನೂ ಕೇಳುವವರು ನಿಧಿಯ ಶತ್ರುಗಳು. ಅಸಲನ್ನು ಮುಂದಿನ ರಾಶಿಗೆ ತಳ್ಳಿ, ಸವಾಯಿಯನ್ನು ಬಿಡಬೇಕು. ಪೀಪಾಯಿಯು ಬರಿದಾದರೆ ಸರಕಾರವು ಎರಡನೆಯ ಸಲ ಅದನ್ನು ತುಂಬಿಸಿಕೊಡಬೇಕು. ಬರಪರಿಹಾರಕ್ಕೆ ತೆಗೆದಿಡುವ ಹಣದ ಎದುರಿಗೆ ಓಣಿಗೆ 150 ಕಿಲೋ ತೊಗರಿಯ ಬೆಲೆಯು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಆದರೆ ಇದನ್ನು ನಿಯಮದಲ್ಲಿ ಮೊದಲೇ ಬರೆದಿಡದಿದ್ದರೆ, ಮೊದಲನೆಯ ಬರದಲ್ಲಿಯೇ ನಿಧಿಯು ಸುಸ್ತಿದಾರರ ಪಟ್ಟಿಯಾಗಿ ಉಳಿಯುವದು.

ಬರುವ ರಾಶಿಯ ಕಾಲಕ್ಕೆ ಶಹಾಪುರ, ಸುರಪುರ ತಾಲೂಕುಗಳ ಕೆಲವು ಓಣಿಗಳಲ್ಲಿಯಾದರೂ ಇದನ್ನು ನಡೆಸಿ ನೋಡಬಹುದು. ಕೃಷಿ ಸಹಾಯಕರು ನವೆಂಬರದಲ್ಲಿ ಹೊಲಗಳನ್ನು ಸುತ್ತಿ ಸೊರಗಿಲ್ಲದ ತೊಗರಿಯನ್ನು ಗುರುತು ಮಾಡಿಸಿಡಬೇಕು. ಡಿಸೆಂಬರದೊಳಗೆ ಹಣವು ಸಂಘದ ಕೈ ಸೇರಬೇಕು. ಪೀಪಾಯಿಗಳು ಸಂಕ್ರಾಂತಿಗೆ ತುಂಬಬೇಕು. ಮೇ ಹದಿನೈದರೊಳಗೆ ನೂರು ಕಾಳಿನ ಪರೀಕ್ಷೆಯನ್ನು ಓಣಿಯವರೆದುರಿಗೆ ಮಾಡಿ, ಮೊಳೆತವೆಷ್ಟು, ಮೊಳೆಯದವೆಷ್ಟು ಎಂಬುದನ್ನು ಪೀಪಾಯಿಯ ಮೇಲೆಯೇ ಸುಣ್ಣದಲ್ಲಿ ಬರೆಯಿಸತಕ್ಕದ್ದು.